ಸೂಪರ್‌ಕಾರ್‌ಗೆ ಕೊಟ್ಟ ಹಣ ಸಾರ್ಥಕವೇ?

ಪ್ರಶ್ನೆ: ಸೂಪರ್‌ಕಾರ್ ಎಂದರೆ ಯಾವುದು? ಅದಕ್ಕೆ ಕೋಟಿಗಟ್ಟಲೆ ಸುರಿಯುವುದು ಸರಿಯೇ?

ಉತ್ತರ: ಬರೀ ವೇಗ ಸಾಲದು, ಓಡಿಸುವ ಸುಖಕ್ಕಾಗಿ ಉಳಿದೆಲ್ಲ ಅನುಕೂಲಗಳನ್ನು ಬಿಟ್ಟುಕೊಟ್ಟ ವಿನ್ಯಾಸವೇ ಸೂಪರ್‌ಕಾರಿನ ಗುರುತು. 1966ರ ಲ್ಯಾಂಬೋರ್ಗಿನಿ ಮಿಯುರಾ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿ ದಾರಿ ತೋರಿಸಿತು. ಆ ದಾರಿಯಲ್ಲಿ ಬಹುದೂರ ಹೋದದ್ದು ಗಾರ್ಡನ್ ಮರ್ರೆ ರೂಪಿಸಿದ ಮೆಕ್‌ಲಾರೆನ್ ಎಫ್1. ಕಾರ್ಬನ್ ಫೈಬರಿನ ಒಡಲು, ನಟ್ಟನಡುವೆ ಚಾಲಕನ ಆಸನ, ಎಂಜಿನ್ನಿನ ಬಿಸಿ ತಡೆಯಲು ಚಿನ್ನದ ತೆಳು ಹಾಳೆ! 600ಕ್ಕೂ ಹೆಚ್ಚು ಅಶ್ವಶಕ್ತಿಯಿದ್ದೂ ತೂಕ ಸುಮಾರು 1,140 ಕಿಲೋ ಮಾತ್ರ. 1998ರಲ್ಲಿ ಅದು ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು; ನನಗೆ ಅದಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುವುದು ಆ ಹಗುರತನ.

ಇನ್ನು ಹಣದ ಮಾತು. 2021ರಲ್ಲಿ ಒಂದು ಎಫ್1 ಎರಡು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು, ಹಾಗಾಗಿ ಇದು ಒಳ್ಳೆಯ ಹೂಡಿಕೆ ಎಂದು ವಾದಿಸುವವರಿದ್ದಾರೆ. ಆದರೆ ಎಫ್1 ತಯಾರಾದದ್ದೇ 106; ಹರಾಜಾದ ಆ ಕಾರು ಅಲ್ಲಿಯವರೆಗೆ 400 ಕಿ.ಮೀ. ಕೂಡ ಓಡಿರಲಿಲ್ಲ. ಬೆಲೆ ಬಂದದ್ದು ಓಡಿಸದೆ ಇಟ್ಟದ್ದಕ್ಕೆ. ಹೆಚ್ಚು ಸಂಖ್ಯೆಯಲ್ಲಿ ತಯಾರಾಗುವ ಸೂಪರ್‌ಕಾರುಗಳು ಸಾಮಾನ್ಯ ಕಾರುಗಳಂತೆಯೇ ಬೆಲೆ ಕಳೆದುಕೊಳ್ಳುತ್ತವೆ. ವಿಮೆ, ಟೈರು, ರಿಪೇರಿಯ ಖರ್ಚು ಬೇರೆ. ಆದ್ದರಿಂದ ಲಾಭದ ಆಸೆಯಿಂದ ಕೊಳ್ಳುವುದು ತಪ್ಪು ಲೆಕ್ಕ. ಕಳೆದುಕೊಳ್ಳುವ ಹಣದ ಚಿಂತೆಯಿಲ್ಲದೆ ರೇಸ್ ಟ್ರ್ಯಾಕಿಗೆ ಒಯ್ದು ಮನಸಾರೆ ಓಡಿಸುವವರಿಗೆ ಮಾತ್ರ ಅದು ಸಾರ್ಥಕ.