ಸೈಲೆನ್ಸರ್ ಹಿತ್ತಾಳೆಯ ತಂಬಿಗೆಯಲ್ಲ

ಮಹಾನವಮಿಯ ಆಯುಧಪೂಜೆಗೆ ಮುನ್ನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ವಾಹನಗಳನ್ನು ತೊಳೆದು ಸಿಂಗರಿಸುವಾಗ, ಕಾರಿನ ಹಿಂಬದಿಗೆ ಇಣುಕುವ ಸ್ಟೇನ್‌ಲೆಸ್ ಸ್ಟೀಲಿನ ಹೊಗೆಕೊಳವೆಗೂ, ಅಂದರೆ ಜನರು ಒಟ್ಟಾಗಿ ಸೈಲೆನ್ಸರ್ ಎಂದೇ ಕರೆಯುವ ಭಾಗದ ತುದಿಗೂ, ದೇವರಮನೆಯ ಹಿತ್ತಾಳೆ ಸಾಮಾನಿಗೆ ಸಲ್ಲುವ ಉಪಚಾರವೇ ಸಲ್ಲುವುದುಂಟು. ಹುಣಸೆಹುಳಿ, ಉಪ್ಪು, ತಂತಿಯುಂಡೆ, ಕೊನೆಗೊಂದು ಎಣ್ಣೆಯ ಲೇಪ ಎಂಬ ಈ ಕ್ರಮ ಹಿತ್ತಾಳೆಗೆ ಸರಿಯಾದುದೇ. ಸ್ಟೀಲಿನ ವಿಷಯದಲ್ಲಿ ಅದರ ಒಂದೊಂದು ಹೆಜ್ಜೆಯ ಹಿಂದೆಯೂ ಒಂದೊಂದು ತಪ್ಪು ಕಲ್ಪನೆಯಿದೆ.

ಈ ಲೋಹಕ್ಕೆ ಜಂಗು ಹಿಡಿಯುವುದೇ ಇಲ್ಲವೆಂಬುದು ಅವುಗಳಲ್ಲಿ ಮೊದಲನೆಯದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ತಯಾರಿಸಿದ ಕ್ರೋಮಿಯಂ ಉಕ್ಕಿನಿಂದ ಪ್ರಸಿದ್ಧಿಗೆ ಬಂದ ಈ ಲೋಹದಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ, ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಪೊರೆಯಾಗಿ ಮೈಮೇಲೆ ಕಟ್ಟಿಕೊಳ್ಳುತ್ತದೆ. ಗೀರಿದರೂ ಗಾಳಿ ತಾಗಿದೊಡನೆ ಮತ್ತೆ ಕಟ್ಟಿಕೊಳ್ಳುವ ಈ ಪೊರೆಯನ್ನು ಒಡೆಯಬಲ್ಲದ್ದು ಮುಖ್ಯವಾಗಿ ಕ್ಲೋರೈಡ್, ಅಂದರೆ ಉಪ್ಪಿನಲ್ಲಿ ಸೋಡಿಯಂ ಜೊತೆಗಿರುವ ಅಂಶ. ಪೊರೆ ಒಡೆದ ಕಡೆ ಸೂಜಿಮೊನೆಯಷ್ಟು ಗುಳಿ ಬಿದ್ದು, ಸುತ್ತ ಕಂದು ಕಲೆ ಹಬ್ಬುತ್ತದೆ. ಹುಣಸೆಹುಳಿಯ ಆಮ್ಲ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆಯೇ ಹೊರತು ಸ್ಟೀಲಿನ ಸುಟ್ಟ ಕಲೆಯನ್ನು ಕರಗಿಸಲಾರದು, ಅದರೊಡನೆ ಬೆರೆಸಿದ ಉಪ್ಪು ಮಾತ್ರ ಸಂದುಗಳಲ್ಲಿ ಉಳಿದು ಹಾನಿ ಮಾಡುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಹೈಡ್ರೋಕ್ಲೋರಿಕ್ ಆಮ್ಲವಾದ್ದರಿಂದ ಅದನ್ನಂತೂ ಹತ್ತಿರ ಸುಳಿಯಗೊಡಬಾರದು. ಹೊಲಕ್ಕೆ ಸಾಗಿಸುವಾಗ ಚೀಲದಿಂದ ಉದುರುವ ಪೊಟ್ಯಾಷ್ ಗೊಬ್ಬರವೂ ಬಹುಮಟ್ಟಿಗೆ ಕ್ಲೋರೈಡೇ. ಗೋಕರ್ಣದ ಕಡಲತೀರಕ್ಕೆ ಹೋಗಿಬಂದ ಕಾರಿಗೆ ಅಂಟಿರುವುದೂ ಅದೇ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧೂಳು ಮೂಗಿಗೆ ಎಷ್ಟೇ ಘಾಟಾದರೂ ಸ್ಟೀಲಿಗೆ ಏನೂ ಮಾಡದು.

ಅಯಸ್ಕಾಂತ ಹಿಡಿದರೆ ನಕಲಿ, ಹಿಡಿಯದಿದ್ದರೆ ಅಸಲಿ ಎಂಬುದು ಪಾತ್ರೆ ಅಂಗಡಿಯಿಂದ ಗ್ಯಾರೇಜಿನವರೆಗೂ ನಡೆದುಬಂದಿರುವ ಪರೀಕ್ಷೆ. ಈ ಪರೀಕ್ಷೆ ಎರಡೂ ಕಡೆ ದಾರಿ ತಪ್ಪಿಸುತ್ತದೆ. ಹೊಗೆಕೊಳವೆಗೆಂದೇ ಬಹಳವಾಗಿ ಬಳಸುವ 409 ಎಂಬ ದರ್ಜೆಯಲ್ಲಿ ಸುಮಾರು ಶೇ. 11ರಷ್ಟು ಕ್ರೋಮಿಯಂ ಇದ್ದು, ನಿಕಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲವಾದ್ದರಿಂದ ಅದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಹೊರಮೈ ಬೇಗ ಕಂದಾದರೂ ಆ ಜಂಗು ಬಹುಕಾಲ ಮೇಲುಮೇಲಿನದಾಗಿಯೇ ಉಳಿಯುತ್ತದೆ. ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕಲ್ ಇರುವ 304 ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ನಿಕಲ್ಲಿನ ಬದಲಿಗೆ ಮ್ಯಾಂಗನೀಸ್ ಹೆಚ್ಚಿಸಿ ಅಗ್ಗವಾಗಿಸಿದ 200ರ ಸರಣಿಯ ಸ್ಟೀಲೂ ಅಂಟುವುದಿಲ್ಲ, ಮತ್ತು ಅದು 304ಕ್ಕಿಂತ ಬೇಗ ಕಲೆಗಟ್ಟುತ್ತದೆ. ಹೀಗಾಗಿ ಅಯಸ್ಕಾಂತ ಹಿಡಿದು ತುದಿಕೊಳವೆ ಕೊಳ್ಳುವವನು ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಆರಿಸಿಕೊಳ್ಳುವ ಸಂಭವವೂ ಇದೆ.

ಕೊಳವೆಯ ಮೇಲೆ ಮೂಡುವ ಹೊಂಬಣ್ಣ, ನೇರಳೆ, ನೀಲಿಗಳನ್ನು ಇಂಜಿನ್ ಕೆಟ್ಟ ಗುರುತೆಂದು ಬಗೆಯುವುದೂ ಅವಸರದ ತೀರ್ಮಾನವೇ. ಕಾವು ಏರಿದಂತೆ ಆಕ್ಸೈಡ್ ಪೊರೆ ದಪ್ಪವಾಗಿ, ನೀರಿನ ಮೇಲಿನ ಎಣ್ಣೆಪದರದಲ್ಲಿ ಕಾಮನಬಿಲ್ಲು ಕಾಣುವ ರೀತಿಯಲ್ಲೇ ಬೆಳಕು ಬಣ್ಣವಾಗಿ ಒಡೆಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹುಲ್ಲಿನ ಹಳದಿಯಿಂದ ಮೊದಲಾಗುವ ಈ ಬಣ್ಣಗಳು ಕಾವು ಹೆಚ್ಚಿದಂತೆ ನೀಲಿಗೆ ತಿರುಗುತ್ತವೆ. ಇದು ಕೊಳೆಯಲ್ಲವಾದ್ದರಿಂದ ಸಾಬೂನಿಗೆ ಹೋಗದು. ತೆಗೆಯಲೇಬೇಕೆಂದರೆ, ಕೊಳವೆ ಪೂರ್ತಿ ತಣ್ಣಗಾದ ಮೇಲೆ, ನುಣ್ಣನೆಯ ಲೋಹದ ಪಾಲಿಶನ್ನು ಮೆತ್ತನೆಯ ಹತ್ತಿಬಟ್ಟೆಗೆ ತುಸುವೇ ಹಚ್ಚಿ, ಲೋಹದ ಗೆರೆಗಳು ಸಾಗಿದ ದಿಕ್ಕಿನಲ್ಲೇ ಉಜ್ಜಿ, ಕರ್ರಗಾದ ಪಾಲಿಶನ್ನು ಇನ್ನೊಂದು ಬಟ್ಟೆಯಿಂದ ಒಂದಿಷ್ಟೂ ಉಳಿಯದಂತೆ ಒರೆಸಬೇಕು.

ತಂತಿಯುಂಡೆಯಿಂದ ಉಜ್ಜಿದಾಗ ಒಮ್ಮೆಗೇ ಬೆಳ್ಳಗೆ ಕಾಣುವುದು ಹೊಳಪಲ್ಲ, ಸಾವಿರಾರು ಸಣ್ಣ ಗೀರುಗಳು. ಉಂಡೆ ಸಾದಾ ಕಬ್ಬಿಣದ್ದಾದರೆ ಅದರ ಚೂರುಗಳು ಗೀರುಗಳಲ್ಲಿ ಸಿಕ್ಕಿ, ಒಂದೆರಡು ಮಳೆಗೆ ತಾವೇ ಜಂಗು ಹಿಡಿದು, ಸ್ಟೀಲೇ ಕೆಟ್ಟಿತೆಂಬ ಅಪವಾದವನ್ನು ತರುತ್ತವೆ. ಎಣ್ಣೆಯ ಲೇಪವಾದರೋ ಕಾದ ಕೊಳವೆಯ ಮೇಲೆ ಸುಟ್ಟು ಕಂದು ಅಂಟಾಗುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ತೊಳೆದ ಮೇಲೆ ಉಳಿಯುವ ಬಿಳಿಯ ಸುಣ್ಣದ ಕಲೆಗೆ ಮಾತ್ರ ಉಪ್ಪು ಬೆರೆಸದ ನಿಂಬೆರಸ ಚೆನ್ನಾಗಿ ಕೆಲಸ ಮಾಡುತ್ತದೆ, ಹಚ್ಚಿ ಕೂಡಲೇ ತೊಳೆದು ಒರೆಸಿದರೆ ಸಾಕು.

ಬೆಳಿಗ್ಗೆ ಕೊಳವೆಯಿಂದ ನೀರು ತೊಟ್ಟಿಕ್ಕಿದರೆ ಇಂಜಿನ್ನಿಗೆ ನೀರು ಹೊಕ್ಕಿದೆಯೆಂದು ಗಾಬರಿಯಾಗುವವರಿದ್ದಾರೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ, ತಣ್ಣನೆಯ ಕೊಳವೆಯಲ್ಲಿ ಅದು ಹನಿಗಟ್ಟುತ್ತದೆ. ಮನೆಯಿಂದ ಮಾರುಕಟ್ಟೆಗಷ್ಟೇ ಓಡುವ ಕಾರಿನಲ್ಲಿ ಈ ನೀರು ಹೊಗೆಯ ಆಮ್ಲೀಯ ಅಂಶಗಳೊಡನೆ ಒಳಗೇ ನಿಂತು ಜಂಗನ್ನು ಒಳಗಿನಿಂದ ಹುಟ್ಟಿಸುತ್ತದೆ. ಹೊರಗಿನ ಯಾವ ಪಾಲಿಶೂ ಇದನ್ನು ತಡೆಯದು. ಬ್ಯಾಡಗಿಯವರು ಆಗಾಗ ಕಾಗಿನೆಲೆಗೋ ಹಾವೇರಿಗೋ ಒಂದು ಸುತ್ತು ಹೋಗಿಬಂದರೆ ಕೊಳವೆ ಚೆನ್ನಾಗಿ ಕಾದು ಒಳಗೆಲ್ಲ ಒಣಗುತ್ತದೆ.