ನೆರೆಮನೆಯ ಗ್ರಂಥ

1956ನೆಯ ಇಸವಿ ನವೆಂಬರ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದೇ ದಿನ, ಅದೇ ಕಾಯಿದೆಯ ಪ್ರಕಾರ ಕನ್ನಡ ನಾಡಿನ ಬಡಗಣ ತುದಿಯಲ್ಲೂ ಒಂದು ಗೆರೆ ಬಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದು ತಾಲೂಕು ಹಾಗೂ ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಮೇದಕ ಜಿಲ್ಲೆಗೆ ಹೋದುವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶದ ಪಾಲಾದುವು. 2014ರಲ್ಲಿ ಆ ಸೀಮೆ ತೆಲಂಗಾಣವಾಯಿತು. 2016ರಲ್ಲಿ ಜಿಲ್ಲೆಗಳನ್ನು ಮತ್ತೆ ಒಡೆದಾಗ ಜಹೀರಾಬಾದು, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿಕೊಂಡುವು. ಅರುವತ್ತು ವರ್ಷಗಳಲ್ಲಿ ವಿಳಾಸ ಮೂರು ಸಲ ಬದಲಾಯಿತು. ಮನೆಯೊಳಗಿನ ಮಾತು ಮಾತ್ರ ಎಷ್ಟೋ ಕಡೆ ಇನ್ನೂ ಕನ್ನಡವೇ.

ಹೋದ ಬೇಸಿಗೆ ರಜೆಯಲ್ಲಿ ಬೀದರಿನವರೆಗೆ ಹೋದವರು ಅಲ್ಲಿಂದ ಬಸ್ಸು ಹಿಡಿದು ಈ ಮೂರು ಊರುಗಳನ್ನೂ ನೋಡಿ ಬಂದೆವು. ಕಬ್ಬಿನ ಗಾಡಿಗಳ ಜಹೀರಾಬಾದು, ಅದಕ್ಕೆ ಹತ್ತಿರದ ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರ; ತೊಗರಿಗೂ ನೆಲಕ್ಕೆ ಹಾಸುವ ಕಲ್ಲಿಗೂ ಹೆಸರಾದ ತಾಂಡೂರು. ಪ್ರವಾಸ ಕಥನ ಬರೆಯುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಕೇಳಿದ ಒಂದು ಮಾತು ಊರಿಗೆ ಬಂದ ಮೇಲೂ ನಮ್ಮನ್ನು ಬಿಡದೆ ಕಾಡಿದ್ದರಿಂದ ಈ ಲೇಖನ.

ಜಹೀರಾಬಾದಿನಲ್ಲಿ ತೊಂಬತ್ತರ ಸಮೀಪದ ಹಿರಿಯರೊಬ್ಬರನ್ನು ಕಂಡಿದ್ದೆವು. ಲಿಂಗವಂತ ಮನೆತನ, ಹಣೆ ತುಂಬ ವಿಭೂತಿ. ನಿಜಾಮನ ಆಳಿಕೆಯಲ್ಲಿ ಶಾಲೆ ಕಲಿತವರಾದ್ದರಿಂದ ಓದು ಬರಹವೆಲ್ಲ ಉರ್ದುವಿನಲ್ಲಿ. ಅವರ ಕಪಾಟಿನಲ್ಲಿ ವಚನಗಳ ಕಟ್ಟಿನ ಪಕ್ಕದಲ್ಲೇ ಉರ್ದು ಅನುವಾದವಿದ್ದ ಒಂದು ಕುರಾನ್ ಇತ್ತು. ನಾವು ಅತ್ತ ನೋಡಿದ್ದನ್ನು ಕಂಡು ಅವರು ನಕ್ಕು ಹೇಳಿದರು: "ಮಾಸ್ತರ್ರೆ, ನಂಬ್ಲಿಕ್ಕೆ ಇಟ್ಟಿದ್ದಲ್ರೀ ಅದು, ಓದ್ಲಿಕ್ಕೆ ಇಟ್ಟಿದ್ದು. ಬಾಜು ಮನಿಯವರು ದಿನಾ ಐದು ಸಲ ಏನ್ ಹೇಳ್ತಾರಂತ ತಿಳೀಬೇಕಲ್ಲ?"

ಇಷ್ಟು ಸರಳವಾದ ಕಾರಣವನ್ನು ನಾವು ಯಾವ ವಿಮರ್ಶಾ ಗ್ರಂಥದಲ್ಲೂ ಕಂಡಿರಲಿಲ್ಲ. ನಮಗೂ ಆ ಮತವಿಲ್ಲ. ನಿಜ ಹೇಳಬೇಕೆಂದರೆ ಯಾವ ಮತದ ದೇವರಲ್ಲಿಯೂ ನಮಗೆ ಗಟ್ಟಿಯಾದ ನಂಬಿಕೆಯಿಲ್ಲ. ಹಾಗಿದ್ದರೂ ಮಂಗಳೂರಿನ ಶಾಂತಿ ಪ್ರಕಾಶನದ ಕನ್ನಡ ಕುರಾನನ್ನೂ ಅಬ್ದುಸ್ಸಲಾಂ ಪುತ್ತಿಗೆಯವರ ಅನುವಾದವನ್ನೂ ಮುಂದಿಟ್ಟುಕೊಂಡು ಈ ಮಳೆಗಾಲವನ್ನು ಕಳೆದೆವು. ನಂಬದವನು ಇದನ್ನು ಹೇಗೆ ಓದಬೇಕು? ಓದಬಹುದೇ?

ಓದಿದವರಿದ್ದಾರೆ. ಬಂಗಾಳಿಯಲ್ಲಿ ಕುರಾನನ್ನು ಪೂರ್ತಿಯಾಗಿ ಮೊದಲು ಅನುವಾದಿಸಿದವರು ಬ್ರಹ್ಮಸಮಾಜದ ಗಿರೀಶಚಂದ್ರ ಸೇನರು. ಆ ಕೆಲಸ 1881ರಿಂದ 1886ರವರೆಗೆ ನಡೆಯಿತು. ತೆಲುಗಿನಲ್ಲಿ ಮೊದಲಿಗರು ಭಾಷಾವಿದ್ವಾಂಸ ಚಿಲುಕೂರಿ ನಾರಾಯಣರಾಯರು. ಮಲೆಯಾಳದಲ್ಲಿ ಕೆ. ಜಿ. ರಾಘವನ್ ನಾಯರರು ಪದ್ಯರೂಪಕ್ಕೆ ತಂದರು. ತೆಲಂಗಾಣದ ಪೋಚಂಪಳ್ಳಿಯಲ್ಲಿ 1951ರಲ್ಲಿ ಭೂದಾನವನ್ನು ಆರಂಭಿಸಿದ ವಿನೋಬಾ ಭಾವೆಯವರು ಅರಬ್ಬಿಯನ್ನೇ ಕಲಿತು ಮೂಲವನ್ನು ಓದಿ, ಕುರಾನಿನ ಸಾರವನ್ನು ಸಂಗ್ರಹಿಸಿದರು. ಇವರಲ್ಲಿ ಯಾರೂ ಮತ ಬದಲಿಸಲಿಲ್ಲ.

ಮತ ಬದಲಿಸಿ ಅನುವಾದಿಸಿದವರ ಕಥೆಯೂ ಆ ಸೀಮೆಗೇ ಸೇರಿದ್ದು. ಇಂಗ್ಲೆಂಡಿನ ಕಾದಂಬರಿಕಾರ ಮಾರ್ಮಡ್ಯೂಕ್ ಪಿಕ್ತಾಲ್ 1917ರಲ್ಲಿ ಇಸ್ಲಾಮನ್ನು ಬಹಿರಂಗವಾಗಿ ಸ್ವೀಕರಿಸಿದರು. ಮುಂದೆ ಹೈದರಾಬಾದಿಗೆ ಬಂದು ಚಾದರಘಾಟಿನ ಹೈಸ್ಕೂಲಿಗೆ ಹೆಡ್ಮಾಸ್ತರರಾದರು. ನಿಜಾಮ ಉಸ್ಮಾನ್ ಅಲಿಖಾನರು ಎರಡು ವರ್ಷ ಪೂರ್ಣ ಸಂಬಳದ ರಜೆ ಕೊಟ್ಟದ್ದರಿಂದ ಅವರ ಪ್ರಸಿದ್ಧ ಇಂಗ್ಲಿಷ್ ಕುರಾನ್ 1930ರಲ್ಲಿ ಹೊರಬಂತು. (ಮಾಸ್ತರರಿಗೆ ಪುಸ್ತಕ ಬರೆಯಲು ಪೂರ್ಣ ಸಂಬಳದ ರಜೆ! ಇಂದಿನ ಶಿಕ್ಷಣ ಇಲಾಖೆಯವರು ಈ ಸಾಲನ್ನು ಓದದಿರುವುದೇ ಒಳಿತು.) ನಂಬಿದವರಾಗಿದ್ದೂ, ಅಥವಾ ನಂಬಿದವರಾಗಿದ್ದರಿಂದಲೇ, ಕುರಾನನ್ನು ಅನುವಾದಿಸಲು ಸಾಧ್ಯವಿಲ್ಲ ಎಂಬುದು ಅವರ ನಿಲುವಾಗಿತ್ತು. ಆದಕಾರಣ ಪುಸ್ತಕದ ಹೆಸರಿನಲ್ಲೇ 'ಅರ್ಥ' ಎಂಬ ಮಾತನ್ನು ಸೇರಿಸಿದರು: ತಾವು ಕೊಡುತ್ತಿರುವುದು ಕುರಾನಲ್ಲ, ಅದರ ಅರ್ಥ ಮಾತ್ರ.

ಇನ್ನು ತೊಡಕಿನ ವಿಷಯ. ಈ ಗ್ರಂಥ ತಾನು ಕಾವ್ಯವಲ್ಲವೆಂದು ತಾನೇ ಹೇಳಿಕೊಳ್ಳುತ್ತದೆ. ಪ್ರವಾದಿ ಕವಿಯಲ್ಲ, ಇದು ಕವಿಯ ಮಾತಲ್ಲ ಎಂದು ಒಂದಕ್ಕಿಂತ ಹೆಚ್ಚು ಕಡೆ ಇದೆ. 'ಕವಿಗಳು' ಎಂಬ ಹೆಸರಿನ 26ನೆಯ ಅಧ್ಯಾಯದ ಕೊನೆಯಲ್ಲಿ ಕವಿಗಳಿಗೆ ಬೈಗುಳವೇ ಸಿಗುತ್ತದೆ. ಸಜ್ಜನ ಕವಿಗಳಿಗೆ ವಿನಾಯಿತಿಯಿದೆ, ಇರಲಿ. ಹಾಗಿದ್ದ ಮೇಲೆ ಅದನ್ನು ಸಾಹಿತ್ಯವೆಂದು ಓದುವುದು ಆ ಗ್ರಂಥದ ಮಾತನ್ನೇ ಮೀರಿದಂತಾಗದೇ?

ಕನ್ನಡ ಮಾಸ್ತರರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಶರಣರು ತಾವು ಕವಿಗಳೆಂದು ಹೇಳಿಕೊಂಡು ವಚನ ಬರೆದವರಲ್ಲ. ನಾವಾದರೋ ಅವುಗಳನ್ನು ಪದ್ಯಭಾಗದಲ್ಲಿ ಸೇರಿಸಿ, ಅಲಂಕಾರ ಕೇಳಿ, ಅಂಕ ಹಾಕುತ್ತೇವೆ. ಶರಣರ ಕಲ್ಯಾಣ ಜಹೀರಾಬಾದಿನಿಂದ ಬಹಳ ದೂರವೇನಲ್ಲ. ಅಲ್ಲಿ ಒಪ್ಪಿದ ಕ್ರಮವನ್ನು ಇಲ್ಲಿ ಬೇಡವೆನ್ನಲು ಕಾರಣ ಕಾಣೆವು. ಮೇಲಾಗಿ ನಂಬಿದವರೇ ಈ ದಾರಿಯಲ್ಲಿ ಮೊದಲು ನಡೆದಿದ್ದಾರೆ. 11ನೆಯ ಶತಮಾನದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಎಂಬ ಆಲಂಕಾರಿಕರು ಕುರಾನಿನ ಸೊಗಸು ಬಿಡಿ ಪದಗಳಲ್ಲಿಲ್ಲ, ಪದಗಳ ಜೋಡಣೆಯಲ್ಲಿದೆ ಎಂದು ಪುಸ್ತಕವನ್ನೇ ಬರೆದರು. ನಮ್ಮ ಆನಂದವರ್ಧನನ ಜೊತೆ ಕುಳ್ಳಿರಿಸಬೇಕಾದ ವ್ಯಕ್ತಿ. ಈಜಿಪ್ತಿನ ಅಮೀನ್ ಅಲ್ ಖೂಲಿ, ಕುರಾನನ್ನು ಮೊದಲು ಅರಬ್ಬಿಯ ಮಹಾಗ್ರಂಥವೆಂದು ಓದಿ, ಉಳಿದ ವಿಚಾರ ಆಮೇಲೆ ಎಂದರು. ಆದರೆ ಅವರ ಶಿಷ್ಯ ಖಲಫಲ್ಲಾ ಎಂಬವರು ಕುರಾನಿನ ಕಥನಕಲೆಯ ಬಗ್ಗೆ ಬರೆದ ಮಹಾಪ್ರಬಂಧವನ್ನು 1947ರಲ್ಲಿ ಕೈರೋದ ವಿಶ್ವವಿದ್ಯಾಲಯ ತಿರಸ್ಕರಿಸಿತು. ದಾರಿ ನಿಷ್ಕಂಟಕವಾಗಿರಲಿಲ್ಲ.

ನಮ್ಮ ಪ್ರಶ್ನೆಪತ್ರಿಕೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಪ್ರಶ್ನೆಯಿದೆ: ಸಂದರ್ಭ ಸೂಚಿಸಿ ಸ್ವಾರಸ್ಯ ಬರೆಯಿರಿ. ಯಾರು, ಯಾರಿಗೆ, ಯಾವಾಗ ಹೇಳಿದರು, ಅದರಲ್ಲಿ ಸೊಗಸೇನು? ಕುರಾನನ್ನು ಓದಲು ಇದಕ್ಕಿಂತ ಒಳ್ಳೆಯ ಕೈದೀಪ ನಮಗೆ ಸಿಕ್ಕಿಲ್ಲ. 114 ಅಧ್ಯಾಯಗಳು ಕಾಲಕ್ರಮದಲ್ಲಿಲ್ಲ. ಸ್ಥೂಲವಾಗಿ ಉದ್ದವಾದುವು ಮೊದಲು, ಗಿಡ್ಡವಾದುವು ಕೊನೆಗೆ. ಮೆಕ್ಕಾದ ಆರಂಭದ ದಿನಗಳ ಚುಟುಕಾದ, ಪ್ರಾಸಬದ್ಧವಾದ, ಬಿಸಿಯುಸಿರಿನ ಮಾತುಗಳು ಹೆಚ್ಚಾಗಿ ಪುಸ್ತಕದ ಕೊನೆಯಲ್ಲಿ ಬರುತ್ತವೆ. ಹೊಸಬರು ಹಿಂದಿನಿಂದ ಓದತೊಡಗಿದರೆ ಒಳ್ಳೆಯದು. ಎರಡನೆಯ ಅಧ್ಯಾಯದ 286 ವಾಕ್ಯಗಳಲ್ಲಿ ಬಳಲಿ ಪುಸ್ತಕ ಮುಚ್ಚಿಟ್ಟವರನ್ನು ನಾವು ಬಲ್ಲೆವು. ಪ್ರವಾದಿಯನ್ನು 1840ರಲ್ಲಿ ವೀರಪುರುಷನೆಂದು ಕೊಂಡಾಡಿದ ಕಾರ್ಲೈಲ್ ಮಹಾಶಯನೂ ಗ್ರಂಥವನ್ನು ಓದುವುದು ಬಲು ತ್ರಾಸವೆಂದು ಗೊಣಗಿದವನೇ.

'ಯಾರು, ಯಾರಿಗೆ' ಎಂದು ಕೇಳಹೊರಟರೆ ಅಲ್ಲೇ ಒಂದು ಚೋದ್ಯ. ಮಾತನಾಡುವವನು ದೇವರು. ಅವನು ಒಮ್ಮೆ ನಾನು ಎನ್ನುತ್ತಾನೆ, ಒಮ್ಮೆ ನಾವು ಎನ್ನುತ್ತಾನೆ, ಮತ್ತೊಮ್ಮೆ ತನ್ನನ್ನೇ ಅವನು ಎಂದು ಕರೆದುಕೊಳ್ಳುತ್ತಾನೆ. ಅದೂ ಒಂದೇ ಉಸಿರಿನಲ್ಲಿ. (ಈ ಲೇಖನದ 'ನಾವು' ಬರಿಯ ಮಾಸ್ತರಿಕೆಯ ಅಭ್ಯಾಸ, ಓದುಗರು ತಪ್ಪು ತಿಳಿಯಬಾರದು.) ನೂರಾರು ಸಲ 'ಹೇಳು' ಎಂಬ ಅಪ್ಪಣೆ ಬರುತ್ತದೆ. ಅದು ಪ್ರವಾದಿಗೆ ಹೇಳಿದ್ದು. ನಾವು ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಂಡವರು. 80ನೆಯ ಅಧ್ಯಾಯದಲ್ಲಂತೂ, ಕುರುಡನೊಬ್ಬ ಬಂದಾಗ ಮುಖ ಗಂಟಿಕ್ಕಿ ದೊಡ್ಡ ಮನುಷ್ಯರತ್ತ ತಿರುಗಿದ್ದಕ್ಕಾಗಿ ಪ್ರವಾದಿಗೇ ಆಕ್ಷೇಪಣೆ ಬರುತ್ತದೆ. ಕಥಾನಾಯಕನನ್ನು ಹೀಗೆ ಎಲ್ಲರೆದುರು ಗದರಿಸಿ, ಆ ಗದರಿಕೆಯನ್ನೇ ನಿತ್ಯ ಪಠನಕ್ಕೆ ಇಟ್ಟ ಗ್ರಂಥಗಳು ಎಷ್ಟಿವೆ?

ವ್ಯಾಕರಣದ ಸೊಗಸಿಗೆ 55ನೆಯ ಅಧ್ಯಾಯ. 78 ವಾಕ್ಯಗಳಲ್ಲಿ 31 ಸಲ ಒಂದೇ ಪಲ್ಲವಿ ಮರುಕಳಿಸುತ್ತದೆ: ದೇವರ ಯಾವ ಉಪಕಾರವನ್ನು ಅಲ್ಲಗಳೆಯುತ್ತೀರಿ ಎಂಬ ಅರ್ಥದ ಪ್ರಶ್ನೆ. ಅದು ದ್ವಿವಚನದಲ್ಲಿದೆ. ಮನುಷ್ಯರು, ಜಿನ್ನರು ಎಂಬ ಇಬ್ಬರನ್ನು ಉದ್ದೇಶಿಸಿದ ಮಾತಾದ್ದರಿಂದ ಕಡಲು ಎರಡು, ತೋಟ ಎರಡು, ಚಿಲುಮೆ ಎರಡು. ದ್ವಿವಚನದ ಪ್ರತ್ಯಯವೇ ಪ್ರಾಸವೂ ಆಗಿ ಕೊನೆಯವರೆಗೂ ಮೊಳಗುತ್ತದೆ. ಸಂಸ್ಕೃತದಲ್ಲಾದರೆ ಸ್ವಲ್ಪವಾದರೂ ಹಿಡಿಯಬಹುದಿತ್ತು. ಕನ್ನಡಕ್ಕೆ ಏಕವಚನ, ಬಹುವಚನ ಎರಡೇ. 'ನೀವಿಬ್ಬರೂ' ಎಂದ ಕೂಡಲೇ ಗಾನ ಹೋಗಿ ಲೆಕ್ಕ ಉಳಿಯುತ್ತದೆ.

ಕಥೆ ಬೇಕೆನ್ನುವವರು 12ನೆಯ ಅಧ್ಯಾಯಕ್ಕೆ ಹೋಗಬೇಕು. ಉಳಿದ ಪ್ರವಾದಿಗಳ ಕಥೆಗಳು ಅಲ್ಲಲ್ಲಿ ತುಣುಕಾಗಿ ಚೆದರಿದ್ದರೆ ಯೂಸುಫನದು ಒಂದೇ ಕಡೆ, 111 ವಾಕ್ಯಗಳಲ್ಲಿ, ಕನಸಿನಿಂದ ತೊಡಗಿ ಆ ಕನಸು ನನಸಾಗುವಲ್ಲಿಗೆ ಮುಗಿಯುತ್ತದೆ. ಇಡೀ ಕಥೆಯನ್ನು ಹೊತ್ತಿರುವುದು ಒಂದು ಅಂಗಿ. ಅಣ್ಣಂದಿರು ತಮ್ಮನನ್ನು ಬಾವಿಗೆ ತಳ್ಳಿ, ಅಂಗಿಗೆ ಸುಳ್ಳು ರಕ್ತ ಬಳಿದು ತಂದೆಗೆ ತೋರಿಸುತ್ತಾರೆ. ಈಜಿಪ್ತಿನಲ್ಲಿ ಧಣಿಯ ಹೆಂಡತಿ ಅಟ್ಟಿಸಿಕೊಂಡು ಬಂದಾಗ ಅಂಗಿ ಬೆನ್ನ ಕಡೆ ಹರಿಯುತ್ತದೆ. ಹಿಂದಿನಿಂದ ಹರಿದಿದ್ದರೆ ಹುಡುಗ ನಿರಪರಾಧಿ ಎಂದು ಅವಳ ಮನೆಯವನೇ ತೀರ್ಪು ಕೊಡುತ್ತಾನೆ. ಬೈಬಲಿನಲ್ಲಿ ಅವಳ ಕೈಯಲ್ಲಿ ಉಳಿದ ಬಟ್ಟೆ ಅವನ ವಿರುದ್ಧ ಸಾಕ್ಷಿ; ಇಲ್ಲಿ ಅಂಗಿ ಅವನ ಪರವಾದ ಸಾಕ್ಷಿ. ಕೊನೆಗೆ, ಅತ್ತು ಅತ್ತು ಕಣ್ಣು ಬೆಳ್ಳಗಾದ ತಂದೆಯ ಮುಖದ ಮೇಲೆ ಮಗನ ಅಂಗಿಯನ್ನು ಹಾಕಿದಾಗ ದೃಷ್ಟಿ ಮರಳುತ್ತದೆ. ಸುಳ್ಳು, ನ್ಯಾಯ, ವಾತ್ಸಲ್ಯ ಮೂರಕ್ಕೂ ಒಂದೇ ಅಂಗಿ. ಶಾಕುಂತಲದ ಉಂಗುರ ನಮಗೆ ನೆನಪಾಯಿತು. 17ನೆಯ ಶತಮಾನದ ಕೊನೆಯಲ್ಲಿ ಈ ಕಥೆಯನ್ನು ದಖನಿ ಭಾಷೆಯಲ್ಲಿ ಕಾವ್ಯವಾಗಿಸಿದ ಬಿಜಾಪುರದ ಹಾಶ್ಮಿ ಕುರುಡನಾಗಿದ್ದ. ಆ ಕೊನೆಯ ಅಂಗಿಯ ಪ್ರಸಂಗವನ್ನು ಆತ ಯಾವ ಮನಸ್ಸಿನಿಂದ ಕಟ್ಟಿರಬೇಕು!

ಇಷ್ಟೆಲ್ಲ ಹೊಗಳಿ, ಕಷ್ಟದ ಭಾಗಗಳನ್ನು ಹಾರಿಸಿ ಹೋದರೆ ಅದು ಓದಲ್ಲ, ಮುಖಸ್ತುತಿ. ಮಗನಿಗೆ ಇಬ್ಬರು ಹೆಣ್ಣುಮಕ್ಕಳ ಪಾಲು ಎಂಬ ನಾಲ್ಕನೆಯ ಅಧ್ಯಾಯದ ಮಾತು ರೂಪಕವಲ್ಲ, ಕಾನೂನು. ಅದನ್ನು ಕಾನೂನೆಂದೇ ಓದಿ, ಒಪ್ಪದಿದ್ದರೆ ಒಪ್ಪೆವು ಎನ್ನಬೇಕು. ಯುದ್ಧದ ಮಾತುಗಳೂ ಇವೆ. ಅವುಗಳಲ್ಲಿ ಒಂದು ವಾಕ್ಯವನ್ನು ಕಿತ್ತು ಕರಪತ್ರದಲ್ಲಿ ಅಚ್ಚು ಹಾಕುವವರು ಒಂದು ಕಡೆ. ಪ್ರಶ್ನೆಯನ್ನೇ ಕೇಳಬೇಡ ಎನ್ನುವವರು ಇನ್ನೊಂದು ಕಡೆ. ಸಂದರ್ಭ ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಇವರಿಬ್ಬರಿಗೂ ಅದೇ ನಿಯಮ. ಗ್ರಂಥದ ಹೆಸರಿನಲ್ಲಿ ನಡೆಯುವ ರೂಢಿಗಳನ್ನು ಒಳಗಿನವರೇ ನೋಡಿ ಬರೆದದ್ದು ನಮ್ಮ ಕಣ್ಣ ಮುಂದೆಯೇ ಇದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ತಲಾಖಿನ ಅನಂತರ ಹೆಣ್ಣು ಪಡುವ ಪಾಡನ್ನು ಕನ್ನಡ ಓದುಗರು ಮೊದಲ ಸಲವೆಂಬಂತೆ ಕಂಡರು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಅಂಥ ಟೀಕೆಗೆ ಇರುವ ತೂಕ, ಪುಟ ತೆರೆಯದವನ ಟೀಕೆಗೆ ಬಾರದು.

ಜಹೀರಾಬಾದು, ತಾಂಡೂರುಗಳ ಸೀಮೆಯಲ್ಲಿ ಇದು ಹೊತ್ತು ಕಳೆಯುವ ಚರ್ಚೆಯಲ್ಲ. 1948ರಲ್ಲಿ ಬೀದರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳು ಮೊದಲು ರಜಾಕಾರರ ಹಾವಳಿಗೆ ತುತ್ತಾದುವು. ಸೆಪ್ಟೆಂಬರದ ಪೊಲೀಸ್ ಕಾರ್ಯಾಚರಣೆಯ ಬಳಿಕ ಸೇಡಿಗೆ ಸಿಕ್ಕಿ ಅಲ್ಲಿನ ಮುಸಲ್ಮಾನರು ಸತ್ತರು. ಅದೇ ವರ್ಷದ ಕೊನೆಗೆ ಸರಕಾರದ ಪರವಾಗಿ ಪ್ರವಾಸ ಮಾಡಿದ ಪಂಡಿತ ಸುಂದರಲಾಲರ ತಂಡ, ಅತಿ ಹೆಚ್ಚು ಹಾನಿಯಾದುವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಈ ಎರಡೂ ಇದ್ದುವು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಗೀತೆ ಮತ್ತು ಕುರಾನ್ ಎರಡನ್ನೂ ಕುರಿತು ಒಂದು ಪುಸ್ತಕ ಬರೆದವರು ಇದೇ ಸುಂದರಲಾಲರು. ಹೆಣಗಳನ್ನು ಎಣಿಸಿದ ಕೈ ಎರಡೂ ಗ್ರಂಥಗಳ ಪುಟಗಳನ್ನು ಮಗುಚಿತ್ತು.

ಓದು ಬಾರದವರು ಆ ಸೀಮೆಯಲ್ಲಿ ಬೇರೆ ದಾರಿ ಹಿಡಿದಿದ್ದರು. ಕಲಬುರಗಿ, ವಿಜಯಪುರಗಳ ಕಡೆ ಮೊಹರಂ ಬಂತೆಂದರೆ ಕರ್ಬಲಾದ ಕಥೆಯನ್ನು ರಿವಾಯತ ಪದಗಳಾಗಿ ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಬೇಕಾದಷ್ಟು. ಕುರಾನಿನ ಮಾತು ಅದರಲ್ಲಿ ಇರಲಿ ಇಲ್ಲದಿರಲಿ, ನಂಬದವರು ನೆರೆಯವರ ಕಥೆಗೆ ಅಳುವ ಕ್ರಮ ಅಲ್ಲಿ ಹಿಂದಿನಿಂದಲೂ ಇದೆ.

ಈಗಿನ ಕೊರತೆ ಇನ್ನೊಂದು ಬಗೆಯದು. ಆ ಹಿರಿಯರು ಉರ್ದು ಓದುತ್ತಾರೆ, ಕನ್ನಡ ಮಾತನಾಡುತ್ತಾರೆ. ಮಗ ತೆಲುಗಿನಲ್ಲಿ ಕಲಿತವನು. ಮೊಮ್ಮಗನ ಶಾಲೆ ಇಂಗ್ಲಿಷಿನದು. ಅಜ್ಜನ ಕಪಾಟಿನ ಒಂದು ಪುಸ್ತಕವನ್ನೂ, ವಚನವನ್ನಾಗಲಿ ಕುರಾನನ್ನಾಗಲಿ, ಅವನು ಓದಲಾರ. ಹಾಗಾಗಿ ಅಜ್ಜ ಬಾಯಿಮಾತಿನಲ್ಲೇ ಹೇಳುತ್ತಾರೆ. ನಾವು ಹೋದ ಸಂಜೆ ಯೂಸುಫನ ಕಥೆ ನಡೆದಿತ್ತು. ಹುಡುಗನನ್ನು ಬಾವಿಗೆ ತಳ್ಳುವಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಎಂದು ಅಜ್ಜ ಎದ್ದರು. ಮೊಮ್ಮಗ ಜುಬ್ಬದ ತುದಿಯನ್ನು ಬಿಡಲಿಲ್ಲ: ಬಾವಿಯಲ್ಲಿ ನೀರಿತ್ತೋ ಇರಲಿಲ್ಲವೋ, ಅದಷ್ಟನ್ನಾದರೂ ಹೇಳಿ ಹೋಗಬೇಕಂತೆ.