ಪಿಯಾನೋ ಮತ್ತು ಸಿಂಹಾಸನ: ಜಯಚಾಮರಾಜ ಒಡೆಯರ ಸಂಗೀತಜೀವನ

ಕಾರವಾರ, ಅಂಕೋಲೆಗಳ ಜನರು ಜಯಚಾಮರಾಜ ಒಡೆಯರನ್ನು ಅರಸರಾಗಿ ಅರಿತವರಲ್ಲ. 1862ರಿಂದ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಉತ್ತರ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದಾಗ, ಅದರ ಪ್ರಥಮ ರಾಜ್ಯಪಾಲರಾಗಿ ಅವರು ನಮ್ಮ ಕರಾವಳಿಯ ಇತಿಹಾಸದೊಳಗೆ ಬಂದರು. ಆದರೆ ತಾರುಣ್ಯದಲ್ಲಿ ಅವರು ಬಯಸಿದ್ದುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗುವುದನ್ನು. ಆ ಬಯಕೆ ಏಕೆ ಕೈಗೂಡಲಿಲ್ಲ, ಮುಂದೆ ಅದು ಯಾವ ರೂಪವನ್ನು ತಾಳಿತು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ನಮ್ಮ ಭಜನೆಗಳಲ್ಲಿಯೂ ನಾಟಕಗಳಲ್ಲಿಯೂ ಬಳಕೆಯಾದ ಪೇಟಿಗೂ ಪಿಯಾನೋವಿಗೂ ಕಪ್ಪು-ಬಿಳಿ ಪಟ್ಟಿಗಳ ಹೊರರೂಪ ಒಂದೇ. ನಾದ ಹುಟ್ಟುವ ರೀತಿ ಬೇರೆ. ಪೇಟಿಯಲ್ಲಿ ಗಾಳಿಯು ಲೋಹದ ನಾಲಗೆಯನ್ನು ಮಿಡಿಯುತ್ತದೆ. ಪಿಯಾನೋದಲ್ಲಿ ಉಣ್ಣೆ ಹೊದಿಸಿದ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಬಡಿದ ನಾದವು ಒಡನೆಯೇ ಕ್ಷೀಣಿಸತೊಡಗುವುದರಿಂದ, ಬೆರಳಿನ ಒತ್ತಡದ ಸೂಕ್ಷ್ಮವೇ ವಾದಕನ ಬಂಡವಾಳ. ಅದು ನಿತ್ಯ ಹಲವು ಗಂಟೆಗಳ ಅಭ್ಯಾಸವನ್ನೂ, ಊರಿಂದೂರಿಗೆ ಸಂಚರಿಸುವ ಸ್ವಾತಂತ್ರ್ಯವನ್ನೂ ಬೇಡುತ್ತದೆ. ರಾಜಪದವಿಯು ಕೊಡಲಾರದವು ಇವೆರಡೇ.

1919ರ ಜುಲೈ 18ರಂದು ಜನಿಸಿದ ಒಡೆಯರು, ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ವಾದ್ಯವೃಂದವೂ ಜೊತೆಜೊತೆಯಾಗಿದ್ದ ಅರಮನೆಯಲ್ಲಿ ಬೆಳೆದರು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವೇರಬೇಕಾಗಿ ಬಂದ ಅವರಿಗೆ ವಾದಕವೃತ್ತಿಯ ಮಾರ್ಗ ಮುಚ್ಚಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ಸಂದುವು.

ತಾವು ಏರಲಾರದ ವೇದಿಕೆಯನ್ನು ಅವರು ಇನ್ನೊಬ್ಬರಿಗಾಗಿ ಸಿದ್ಧಪಡಿಸಿದರು. ಮಾಸ್ಕೋವಿನಲ್ಲಿ ಜನಿಸಿ, 1921ರಲ್ಲಿ ರಷ್ಯವನ್ನು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಪ್ರೌಢ ಪಿಯಾನೋ ವಾದಕರೂ ರಚನಕಾರರೂ ಆಗಿದ್ದರು. ವಯಸ್ಸು, ಅನಾರೋಗ್ಯ, ಹಣದ ಅಭಾವಗಳಿಂದ ಬಳಲುತ್ತಿದ್ದರು. ಅಂದಿನ ಧ್ವನಿಮುದ್ರಿಕೆಯ ಒಂದು ಮಗ್ಗುಲಿನಲ್ಲಿ ಸುಮಾರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೃತಿಯೊಂದಕ್ಕೆ ಹಲವು ತಟ್ಟೆಗಳು ಬೇಕು. ಹೆಚ್ಚು ಪ್ರಚಾರದಲ್ಲಿಲ್ಲದ ರಚನಕಾರನಿಗಾಗಿ ಅಷ್ಟು ವೆಚ್ಚವನ್ನು ಹೊರಲು ಮುದ್ರಣ ಸಂಸ್ಥೆಗಳು ಹಿಂಜರಿಯುವುದು ಸಹಜ. ಒಡೆಯರ ಧನಸಹಾಯದಿಂದ ಮೆಟ್ನರ್ ಸಂಘವು ಸ್ಥಾಪಿತವಾಗಿ ಈ ತೊಡಕು ನಿವಾರಣೆಯಾಯಿತು. ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮೆಟ್ನರ್ ತಮ್ಮ ಮೂರು ಪಿಯಾನೋ ಕನ್ಚರ್ಟೋಗಳನ್ನು ತಾವೇ ನುಡಿಸಿ ಮುದ್ರಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ನಿಧನರಾದಾಗ ಅವರ ವಾದನವು ಅವರೊಡನೆ ಅಳಿದುಹೋಗಲಿಲ್ಲ.

1948ರಲ್ಲಿ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಛೇರಿ ಸಂಘದ ಪ್ರಥಮ ಅಧ್ಯಕ್ಷರಾದರು. ದಿವಂಗತ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್‌ರ ನಿರ್ದೇಶನದಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಡ್‌ರ ಕಂಠದಲ್ಲಿ ಮೊದಲ ಬಾರಿಗೆ ಕೇಳಿಬಂದುದೂ ಒಡೆಯರು ನೀಡಿದ ಹಣದ ಭರವಸೆಯಿಂದಲೇ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಮೆಟ್ನರರ ಕೃತಿಗಳು ಲಂಡನ್ನಿನಲ್ಲಿ ಮುದ್ರಿತವಾಗುತ್ತಿದ್ದ 1947ರಲ್ಲಿಯೇ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರಕಾರಕ್ಕಾಗಿ 'ಮೈಸೂರು ಚಲೋ' ಚಳವಳಿಯನ್ನು ಹೂಡಿದ್ದರು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯ ನೆಲದಲ್ಲಿ ನಿಂತು ನೋಡುವವರಿಗೆ, ಅರಸನ ಅಭಿರುಚಿಗೆ ಸಲ್ಲುವ ಹಣದ ಮೂಲ ಯಾವುದೆಂಬ ಸಂದೇಹ ಮೂಡದಿರದು. ಮುದ್ರಿಕೆಗಳ ಹಿರಿಮೆಯಿಂದ ಆ ಪ್ರಶ್ನೆ ಅಳಿಯುವುದಿಲ್ಲ. ಆ ಪ್ರಶ್ನೆಯಿಂದ ಮುದ್ರಿಕೆಗಳ ಬೆಲೆಯೂ ಕುಗ್ಗುವುದಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವ ಚರಿತ್ರೆ ಅರ್ಧಚರಿತ್ರೆಯಾಗುತ್ತದೆ.

ಒಡೆಯರ ಸಂಗೀತ ಪಿಯಾನೋದಲ್ಲಿಯೇ ಉಳಿಯಲಿಲ್ಲ. ಸ್ವರಸ್ಥಾನಗಳು ಮೊದಲೇ ನಿಶ್ಚಿತವಾಗಿರುವ ಆ ವಾದ್ಯದಲ್ಲಿ ಗಮಕಕ್ಕೆ ಎಡೆಯಿಲ್ಲ. ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವ ವೀಣೆಯಲ್ಲಿ ಅದೇ ಜೀವಾಳ. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಸಿಸಿ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರು 'ಶ್ರೀವಿದ್ಯಾ' ಅಂಕಿತದ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. 1974ರ ಸೆಪ್ಟೆಂಬರ್ 23ರಂದು ಅವರು ಕಾಲವಾದರು.

ಕಛೇರಿಗಳ ಪಟ್ಟಿಯಿಂದಲೇ ವಾದಕನ ಜೀವನವನ್ನು ಅಳೆಯುವುದಾದರೆ ಒಡೆಯರ ಪಿಯಾನೋ ವೃತ್ತಿಯ ಪುಟ ಬರಿದಾಗಿಯೇ ತೋರುತ್ತದೆ. ಆದರೆ ಮೆಟ್ನರರ ಮುದ್ರಿಕೆಗಳಲ್ಲಿಯೂ, ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಹಾಡಲಾಗುವ ಆ ಕೃತಿಗಳಲ್ಲಿಯೂ ಅದರ ಫಲವನ್ನು ಕೇಳಬಹುದಾಗಿದೆ. ಕೈಗೂಡದ ವೃತ್ತಿಗಳಿಗೂ ಚರಿತ್ರೆಯುಂಟು. ಅದನ್ನು ಹುಡುಕುವ ಕೆಲಸ ನಮ್ಮ ವಿದ್ಯಾರ್ಥಿಗಳದು.